ಕ್ಯಾಷ್ ಕೌಂಟರಿನಲ್ಲಿ ಸಾವಧಾನತೆ: ಹೊಸದಾಗಿ ಅಭ್ಯಾಸಕ್ಕಿಳಿದ ಒಬ್ಬರ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್ ಆಗಿರುವ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ಸಾವಧಾನತೆಯನ್ನು, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಗಮನವಿಟ್ಟು ತಿಳಿಯುವ, ಈಗ ಎಲ್ಲೆಡೆ ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಕೇಳಿಬರುವ ಅಭ್ಯಾಸವನ್ನು, ತಮ್ಮ ದಿನದ ಕೆಲಸಗಳೊಳಗೆ ತಂದುಕೊಂಡ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಮಾಲೋಚಕಿಯಾಗಿ ನಾನು ಕಾಣುವ ಹೊಸ ಅಭ್ಯಾಸಿಗಳಲ್ಲಿ ಅನೇಕರು ಆರಂಭದ ವಾರಗಳಲ್ಲೇ ಕೈಬಿಡುತ್ತಾರೆ ಮತ್ತು ಹಾಗೆ ಕೈಬಿಟ್ಟದ್ದಕ್ಕೆ ತಮ್ಮ ಮನಸ್ಸಿನ ಚಂಚಲತೆಯನ್ನೇ ದೂರುತ್ತಾರೆ. ಈ ಪ್ರಕರಣದಲ್ಲಿಯೂ ಆ ದೂರು ಇತ್ತು. ಆದರೆ ನಿಜವಾದ ತೊಡಕು ಇದ್ದದ್ದು ಗಮನವಿಡಲು ಅವರು ಆರಿಸಿಕೊಂಡ ಜಾಗದಲ್ಲಿ. ಅದನ್ನು ಬದಲಿಸಿದ ಮೇಲೆ ಏನಾಯಿತು, ಏನಾಗಲಿಲ್ಲ ಎಂಬುದನ್ನು ವಿವರವಾಗಿ ಹೇಳಿದರೆ ಹೊಸಬರಿಗೆ ಉಪಯೋಗವಾದೀತು ಎಂದು ನಾನು ನಂಬಿದ್ದೇನೆ.

ಹಿನ್ನೆಲೆ

ಸಂಘದ ವಹಿವಾಟು ಹೆಚ್ಚಾಗಿ ಅಡಿಕೆ ಬೆಳೆಗಾರರದು, ಸಣ್ಣ ವ್ಯಾಪಾರಿಗಳದು ಮತ್ತು ಮಹಿಳಾ ಸ್ವಸಹಾಯ ಸಂಘಗಳದು. ಸಾಲದ ಕಂತು, ಉಳಿತಾಯ ಖಾತೆಯ ಜಮೆ, ಚಿನ್ನದ ಸಾಲದ ಪಾವತಿ, ಪಿಗ್ಮಿ ಸಂಗ್ರಾಹಕರು ಅಂಗಡಿಗಳಿಂದ ಎತ್ತಿ ತರುವ ಹಣ, ಇವೆಲ್ಲವೂ ಒಂದೇ ಕೌಂಟರಿನ ಮೂಲಕ ಹಾದುಹೋಗುತ್ತವೆ. ಸಂಜೆ ನಗದು ತಾಳೆಯಾಗಬೇಕು. ಕಡಿಮೆ ಬಿದ್ದರೆ ಕ್ಯಾಷಿಯರ್ ತಮ್ಮ ಕೈಯಿಂದ ತುಂಬಿಕೊಡಬೇಕು ಎಂಬುದು ಅಲ್ಲಿನ ರೂಢಿ. ಹಲವು ವರ್ಷ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗದಂತೆ ಕೆಲಸ ಮಾಡಿದ್ದ ಇವರಿಗೆ ಕೆಲವು ತಿಂಗಳುಗಳಿಂದ ತಾಳೆ ತಪ್ಪತೊಡಗಿತ್ತು. ಒಮ್ಮೆ 500 ರೂಪಾಯಿ, ಇನ್ನೊಮ್ಮೆ 2,000 ರೂಪಾಯಿ ಕೈಯಿಂದ ಹೋಗಿತ್ತು. ಹಣಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು, ಎಲ್ಲಿ ತಪ್ಪಿತು ಎಂದು ಗೊತ್ತೇ ಆಗದಿರುವುದು. ರಾತ್ರಿ ಹಾಸಿಗೆಯಲ್ಲಿ ಆ ದಿನದ ಪ್ರತಿಯೊಂದು ಚಲನ್ನನ್ನೂ ಮನಸ್ಸಿನಲ್ಲಿ ಮತ್ತೆ ತಿರುವಿ ಹಾಕುತ್ತಿದ್ದರು. ಬಲ ಭುಜ ಸದಾ ಬಿಗಿದುಕೊಂಡಿರುತ್ತಿತ್ತು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗನ ಮೇಲೆ ಸಣ್ಣ ಮಾತಿಗೂ ರೇಗುವಂತಾಗಿತ್ತು.

ಇನ್ನೊಂದು ವಿವರ ಮುಂದಿನ ಕಥನಕ್ಕೆ ಮುಖ್ಯವಾದದ್ದು. ಅವರಿಗೆ ಬಾಲ್ಯದಿಂದ ಉಬ್ಬಸವಿದೆ. ಮಳೆಗಾಲದಲ್ಲಿ ಅದು ಹೆಚ್ಚುತ್ತದೆ. ಇನ್‌ಹೇಲರ್ ಯಾವಾಗಲೂ ಕೈಚೀಲದಲ್ಲಿರುತ್ತದೆ.

ಯಾವುದೇ ಅಭ್ಯಾಸ ಹೇಳಿಕೊಡುವ ಮೊದಲು ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ. ನಿದ್ರೆಯ ತೊಂದರೆ, ಎದೆಬಡಿತ, ಆಯಾಸ ಇವುಗಳ ಹಿಂದೆ ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಮುಂತಾದ ಚಿಕಿತ್ಸೆ ಬೇಕಾದ ಕಾರಣಗಳಿರಬಹುದು, ಮತ್ತು ಅವನ್ನು ಧ್ಯಾನದಿಂದ ಮುಚ್ಚಿಡಲು ಹೋಗುವುದು ಅಪಾಯಕರ. ಪರೀಕ್ಷೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಉಬ್ಬಸದ ಔಷಧವನ್ನು ಅವರು ತೊಂದರೆಯಾದಾಗ ಮಾತ್ರ ಬಳಸುತ್ತಿದ್ದರು. ವೈದ್ಯರು ಅದನ್ನು ಪ್ರತಿದಿನದ ಕ್ರಮಕ್ಕೆ ತಂದರು. ಖಿನ್ನತೆಯ ಅಥವಾ ತೀವ್ರ ಆತಂಕದ ಲಕ್ಷಣಗಳಿದ್ದಿದ್ದರೆ ಈ ಪ್ರಕರಣದ ದಾರಿಯೇ ಬೇರೆಯಾಗುತ್ತಿತ್ತು. ಹತ್ತಿರದಲ್ಲಿ ಮನೋವೈದ್ಯರಿಲ್ಲದ ಊರುಗಳವರಿಗೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡುವ ಅವಕಾಶವಿದೆ ಎಂಬುದನ್ನು ಇಲ್ಲಿ ಸೇರಿಸುವುದು ಅಗತ್ಯವೆಂದುಕೊಂಡಿದ್ದೇನೆ.

ಮೊದಲ ಪ್ರಯತ್ನ ಮುರಿದದ್ದು ಎಲ್ಲಿ

ನನ್ನನ್ನು ಕಾಣುವ ಮೊದಲೇ ಅವರು ಮೊಬೈಲಿನ ವಿಡಿಯೊ ಒಂದನ್ನು ನೋಡಿ ಅಭ್ಯಾಸಕ್ಕೆ ಕೂತಿದ್ದರು. ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ, ದೇವರ ಕೋಣೆಯಲ್ಲಿ ಚಾಪೆ ಹಾಸಿ, ಕಣ್ಣು ಮುಚ್ಚಿ, ಇಪ್ಪತ್ತು ನಿಮಿಷ ಉಸಿರನ್ನು ಗಮನಿಸುವುದು ಅದರಲ್ಲಿದ್ದ ಸೂಚನೆ. ಮೊದಲ ಎರಡು ನಿಮಿಷಗಳಲ್ಲಿಯೇ ಎದೆ ಬಿಗಿದಂತಾಗಿ, ಉಸಿರು ಸಾಲದಂತೆ ಅನ್ನಿಸಿ, ಕಣ್ಣು ತೆರೆದು ಇನ್‌ಹೇಲರ್ ಹುಡುಕುವಂತಾಯಿತು. ಮರುದಿನವೂ ಹಾಗೆಯೇ ಆಯಿತು. ಇನ್ನುಳಿದ ದಿನಗಳಲ್ಲಿ ಉಸಿರು ತೊಂದರೆ ಕೊಡದಿದ್ದಾಗ ನಗದು ತಾಳೆಯ ಲೆಕ್ಕ ಬಂದು ಕೂರುತ್ತಿತ್ತು. ವಾರದೊಳಗೆ ಬಿಟ್ಟುಬಿಟ್ಟರು. “ನನಗೆ ಧ್ಯಾನ ಆಗಿಬರೋದಿಲ್ಲ ಮೇಡಂ, ಮನಸ್ಸು ಖಾಲಿ ಆಗೋದೇ ಇಲ್ಲ” ಎಂಬುದು ನನ್ನೊಡನೆ ಅವರು ಆಡಿದ ಮೊದಲ ಮಾತುಗಳಲ್ಲಿ ಒಂದು.

ಆ ಮಾತಿನೊಳಗೆ ಎರಡು ಬೇರೆ ಬೇರೆ ತೊಡಕುಗಳು ಸೇರಿಕೊಂಡಿದ್ದವು. ಮನಸ್ಸು ಖಾಲಿಯಾಗಬೇಕು ಎಂಬ ನಿರೀಕ್ಷೆ ಮೊದಲನೆಯದು, ಮತ್ತು ಅದನ್ನು ಬಿಡಿಸುವುದು ಅಷ್ಟು ಕಷ್ಟವಾಗಲಿಲ್ಲ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ಫೋನಿನ ಆ್ಯಪ್ ಮೂಲಕ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಸಂಪರ್ಕಿಸಿ, ಈಗ ಮಾಡುತ್ತಿರುವ ಕೆಲಸವನ್ನು ಬಿಟ್ಟು ಬೇರೆ ಏನನ್ನಾದರೂ ಯೋಚಿಸುತ್ತಿದ್ದೀರಾ ಎಂದು ಕೇಳಲಾಗಿತ್ತು. ಹೌದು ಎಂಬ ಉತ್ತರ ಬಂದದ್ದು 46.9 ಶೇಕಡಾ ಸಲ. ಸರಿಸುಮಾರು ಅರ್ಧ ದಿನ ಎಲ್ಲರ ಮನಸ್ಸೂ ಬೇರೆಡೆ ಇರುತ್ತದೆ ಎಂದು ತಿಳಿದಾಗ ಅವರ ಮುಖದಲ್ಲಿ ಸ್ಪಷ್ಟವಾದ ನಿರಾಳತೆ ಕಾಣಿಸಿತು.

ಎರಡನೆಯದು ಉಸಿರಿನ ವಿಷಯ, ಮತ್ತು ನಾನು ಹೆಚ್ಚು ಗಮನ ಕೊಟ್ಟದ್ದು ಅದಕ್ಕೆ. ಉಸಿರು ಸದಾ ಜೊತೆಗಿರುತ್ತದೆ, ಯಾರಿಗೂ ಕಾಣದಂತೆ ಗಮನಿಸಬಹುದು ಎಂಬ ಕಾರಣಕ್ಕೆ ಅದನ್ನು ಮೊದಲ ಪಾಠವಾಗಿ ಹೇಳಿಕೊಡುವುದು ವಾಡಿಕೆ. ಬಹಳ ಜನರಿಗೆ ಅದು ಹೊಂದುತ್ತದೆ. ಆದರೆ ಚಿಕ್ಕಂದಿನಿಂದ ಉಬ್ಬಸವಿರುವ ವ್ಯಕ್ತಿಯ ಪಾಲಿಗೆ ಉಸಿರು ಎಂಬುದು ತಟಸ್ಥವಾದ ಸಂಗತಿಯಲ್ಲ. ಉಸಿರಿನಲ್ಲಿ ಸಣ್ಣ ಬದಲಾವಣೆ ಕಂಡರೂ ಎಚ್ಚರವಾಗಬೇಕು ಎಂಬುದನ್ನು ಆ ದೇಹ ದಶಕಗಳ ಕಾಲ ಕಲಿತಿದೆ. ಅಂಥವರು ಉಸಿರನ್ನು ದಿಟ್ಟಿಸಿದಾಗ ಕಾವಲು ಕಾಯುವ ಹಳೆಯ ಅಭ್ಯಾಸ ಜಾಗೃತವಾಗುತ್ತದೆ. ಕಾವಲಿನಿಂದ ಉಸಿರು ಬಿಗಿಯಾಗುತ್ತದೆ. ಬಿಗಿಯಾದದ್ದು ಇನ್ನಷ್ಟು ಭಯ ತರುತ್ತದೆ. ಆತಂಕದ ದಾಳಿಗೆ ಒಳಗಾದವರಲ್ಲಿಯೂ ಇದನ್ನು ಕಂಡಿದ್ದೇನೆ. ಉಸಿರಿನ ಮೇಲೆ ಗಮನವಿಡಲಾಗದವರು ಅಭ್ಯಾಸಕ್ಕೇ ಅರ್ಹರಲ್ಲ ಎಂಬ ಭಾವನೆ ಅವರಲ್ಲಿ ಬೆಳೆಯಲು ಬಿಡುವುದು ಅನ್ಯಾಯ.

ಅಭ್ಯಾಸದ ಮೂಲದಲ್ಲಿಯೇ ಇದಕ್ಕೆ ಬೇರೆ ದಾರಿಗಳಿವೆ. ಪಾಲಿ ಭಾಷೆಯ ಬೌದ್ಧ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ದೇಹವನ್ನು ಗಮನಿಸುವ ಭಾಗ ಉಸಿರಿನಿಂದ ಆರಂಭವಾಗುತ್ತದೆ, ನಿಜ. ಆದರೆ ಅದರ ಬೆನ್ನಲ್ಲೇ ನಡೆಯುವುದು, ನಿಲ್ಲುವುದು, ಕೂರುವುದು, ಮಲಗುವುದು ಬರುತ್ತವೆ. ಆಮೇಲೆ ಕೈಕಾಲು ಮಡಚುವುದು, ಚಾಚುವುದು, ಉಡುವುದು, ಉಣ್ಣುವುದು, ಕುಡಿಯುವುದು, ಮಾತನಾಡುವುದು, ಸುಮ್ಮನಿರುವುದು ಇವೆಲ್ಲವನ್ನೂ ತಿಳಿದು ಮಾಡಬೇಕೆಂಬ ಸೂಚನೆ ಬರುತ್ತದೆ. ದಿನದ ಕೆಲಸಗಳಲ್ಲಿ ಗಮನವಿಡುವುದು ಧ್ಯಾನಕ್ಕೆ ಕೂರಲಾಗದವರಿಗಾಗಿ ಈಚೆಗೆ ಮಾಡಿದ ಸುಲಭ ಏರ್ಪಾಡು ಎಂದು ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ, ಮೊದಲಿನಿಂದಲೂ ಅಭ್ಯಾಸದ ಭಾಗವೇ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್ ಜಿನ್ ದೀರ್ಘಕಾಲದ ನೋವಿನಿಂದ ಬಳಲುವವರೂ ಸೇರಿದಂತೆ ರೋಗಿಗಳಿಗಾಗಿ ಆರಂಭಿಸಿದ, ಈಗ ಎಂಟು ವಾರಗಳ ತರಬೇತಿಯಾಗಿ ಜಗತ್ತಿನಾದ್ಯಂತ ನಡೆಯುವ ಕಾರ್ಯಕ್ರಮದಲ್ಲಿಯೂ ಮೊದಲ ವಾರಗಳ ಮುಖ್ಯ ಅಭ್ಯಾಸ ಮಲಗಿಕೊಂಡು ಕಾಲ್ಬೆರಳಿನಿಂದ ನೆತ್ತಿಯವರೆಗೆ ದೇಹವನ್ನು ಗಮನಿಸುವುದು. ಒಣದ್ರಾಕ್ಷಿಯೊಂದನ್ನು ನಿಧಾನವಾಗಿ ನೋಡಿ, ಮೂಸಿ, ತಿನ್ನುವುದು ಅದರ ಪ್ರಸಿದ್ಧ ಮೊದಲ ಪಾಠ.

ನೆಲೆ ಬದಲಿಸಿದ್ದು

ಉಸಿರನ್ನು ಪೂರ್ತಿ ಬದಿಗಿಟ್ಟೆವು. ಕಣ್ಣು ಮುಚ್ಚುವುದನ್ನೂ ಬಿಟ್ಟೆವು. ರಾತ್ರಿಯ ಇಪ್ಪತ್ತು ನಿಮಿಷಗಳ ಜಾಗದಲ್ಲಿ, ಅವರು ಹೇಗೂ ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಲು ಹೇಳಿದೆ. ಒಂದೇ ಷರತ್ತು: ಆ ಹೊತ್ತಿನಲ್ಲಿ ಕೈಯಲ್ಲಿ ಮೊಬೈಲ್ ಇರಬಾರದು, ಪಕ್ಕದಲ್ಲಿ ಯಾರೂ ಮಾತಿಗೆಳೆಯಬಾರದು. ಅವರು ಆರಿಸಿಕೊಂಡದ್ದು ಬೆಳಿಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸುವ ಕೆಲಸ. ಗಮನವಿಡಬೇಕಾದದ್ದು ಅಂಗಾಲಿನಲ್ಲಿ. ಬರಿಗಾಲು ನೆಲಕ್ಕೆ ತಾಗುವುದು, ಒದ್ದೆ ಮಣ್ಣಿನ ತಣ್ಪು, ಮೆಟ್ಟಿಲ ಬಳಿಯ ಸಣ್ಣ ಕಲ್ಲುಗಳು ಒತ್ತುವುದು, ಬಗ್ಗಿದಾಗ ಭಾರ ಬೆರಳುಗಳ ಕಡೆಗೆ ಸರಿಯುವುದು, ಇಷ್ಟನ್ನು ತಿಳಿಯುತ್ತಿರುವುದು. ಮನಸ್ಸು ಬೇರೆಡೆ ಹೋದದ್ದು ತಿಳಿದ ಕೂಡಲೇ ಬೈದುಕೊಳ್ಳದೆ ಅಂಗಾಲಿಗೆ ಮರಳುವುದು. ಅಷ್ಟೇ.

ಮೊದಲ ವಾರ ಕಳೆದು ಬಂದಾಗ ಅವರ ಬಳಿ ಒಂದು ಚೀಟಿಯಿತ್ತು. ಲೆಕ್ಕ ಇಡುವುದು ವೃತ್ತಿಯಾದ್ದರಿಂದ, ಪ್ರತಿದಿನ ಮನಸ್ಸು ಎಷ್ಟು ಸಲ ಓಡಿಹೋಯಿತು ಎಂದು ಬರೆದುಕೊಂಡಿದ್ದರು. ಒಂದು ದಿನ ಹದಿನೆಂಟು ಎಂದಿತ್ತು, ಅದರ ಕೆಳಗೆ ಗೆರೆ ಎಳೆದಿದ್ದರು. ಅದು ಸೋಲಿನ ಲೆಕ್ಕ ಎಂದು ಅವರು ಭಾವಿಸಿದ್ದರು. ಹದಿನೆಂಟು ಸಲ ಹೋದದ್ದು ಗೊತ್ತಾಗಬೇಕಾದರೆ ಹದಿನೆಂಟು ಸಲ ಮರಳಿರಲೇಬೇಕಲ್ಲ ಎಂದೆ. ಗೊತ್ತಾಗದೆ ಹೋದ ಸಲಗಳು ಯಾವ ಚೀಟಿಯಲ್ಲೂ ಬರುವುದಿಲ್ಲ. ಹೊಸಬರು ಇದನ್ನು ಒಪ್ಪಿಕೊಳ್ಳಲು ಸಮಯ ತೆಗೆದುಕೊಳ್ಳುತ್ತಾರೆ, ಇವರೂ ತೆಗೆದುಕೊಂಡರು. ಆದರೆ ಚೀಟಿ ಬರೆಯುವುದನ್ನು ಬಿಟ್ಟ ಮೇಲೆ ಅಂಗಳದ ಹೊತ್ತು ಪರೀಕ್ಷೆಯಂತೆ ಇರುವುದು ತಪ್ಪಿತು.

ಸಂತೆಯ ದಿನ, ನೆಂಟರು ಬಂದ ದಿನ, ಮಗನಿಗೆ ಜ್ವರ ಬಂದ ದಿನ ಅಭ್ಯಾಸ ತಪ್ಪುತ್ತಿತ್ತು ಮತ್ತು ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ ಆರಂಭಿಸಬೇಕೇ ಎಂದು ಕೇಳುತ್ತಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಹೊಸ ಅಭ್ಯಾಸಗಳನ್ನು ಹಿಂಬಾಲಿಸಿ ಬರೆದ, 2010ರಲ್ಲಿ ಅಚ್ಚಾದ ಅಧ್ಯಯನ ಇಲ್ಲಿ ನೆರವಿಗೆ ಬಂತು. ಒಂದು ಕೆಲಸ ತಾನಾಗಿ ಆಗುವಷ್ಟು ರೂಢಿಯಾಗಲು ಹಿಡಿದ ಕಾಲ 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ಮಧ್ಯದ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಗಣನೀಯ ಹಾನಿಯೇನೂ ಆಗಿರಲಿಲ್ಲ. ಇಪ್ಪತ್ತೊಂದು ದಿನಗಳಲ್ಲಿ ಜೀವನ ಬದಲಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಶರಾಗುವವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ನಗದಿನ ಮುಂದೆ

ಅಂಗಳದ ಅಭ್ಯಾಸ ಒಂದು ಹದಕ್ಕೆ ಬಂದ ಮೇಲೆ ಅವರೇ ಅದನ್ನು ಕೌಂಟರಿಗೆ ಒಯ್ದರು. ನೋಟು ಎಣಿಸುವಾಗ ಪ್ರತಿ ನೋಟು ಬೆರಳಿಗೆ ತಾಗುವುದನ್ನು, ಹಳೆಯ ನೋಟಿನ ಮೆತ್ತಗಿನ ಅಂಚನ್ನು, ಹೊಸ ನೋಟಿನ ಗರಿಮುರಿಯನ್ನು ಗಮನಿಸಲು ಹೊರಟರು. ನೂರರ ಕಟ್ಟಿನಲ್ಲಿ ಅರವತ್ತು ದಾಟುವಷ್ಟರಲ್ಲಿ ಎಣಿಕೆ ತಪ್ಪಿತು. ಮತ್ತೆ ಎಣಿಸಿದರು, ಮತ್ತೆ ತಪ್ಪಿತು. ಎದುರಿಗೆ ಸಾಲು ಬೆಳೆಯಿತು.

ಈ ಘಟನೆಯನ್ನು ನಾವು ಬಹಳ ಹೊತ್ತು ಚರ್ಚಿಸಿದೆವು. ಎಣಿಕೆಗೆ ಮನಸ್ಸಿನಲ್ಲಿ ಅಂಕಿಯನ್ನು ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಅದೇ ಹೊತ್ತಿಗೆ ಸ್ಪರ್ಶವನ್ನೂ ಬಿಡದೆ ಗಮನಿಸಲು ಹೋದರೆ ಗಮನ ಎರಡು ಪಾಲಾಗುತ್ತದೆ. ಎಲ್ಲ ಕೆಲಸದಲ್ಲಿಯೂ ಎಲ್ಲ ಹೊತ್ತೂ ಇಂದ್ರಿಯಗಳನ್ನು ಗಮನಿಸುತ್ತಿರಬೇಕು ಎಂಬ ಉಪದೇಶ ಕೇಳಲು ಚೆಂದ, ಲೆಕ್ಕದ ಕೆಲಸ ಮಾಡುವವರಿಗೆ ಅದು ಹೊಂದುವುದಿಲ್ಲ. ಎಣಿಸುವಾಗ ಎಣಿಕೆಯೇ ಗಮನದ ನೆಲೆಯಾಗಬೇಕು. ಅವರು ಕೊನೆಗೆ ಕಂಡುಕೊಂಡ ಕ್ರಮ ಹೀಗಿತ್ತು: ಕಟ್ಟನ್ನು ಕೈಗೆ ತೆಗೆದುಕೊಳ್ಳುವ ಮೊದಲು ಬೆರಳನ್ನು ಸ್ಪಂಜಿನ ಡಬ್ಬಿಗೆ ಒತ್ತುತ್ತಾರಲ್ಲ, ಆ ಒಂದು ಕ್ಷಣ ಬೆರಳ ತುದಿಯ ತಣ್ಪನ್ನು ಪೂರ್ತಿಯಾಗಿ ತಿಳಿಯುವುದು, ಭುಜ ಮೇಲೆದ್ದಿದ್ದರೆ ಇಳಿಸುವುದು, ಆಮೇಲೆ ಒಂದರಿಂದ ನೂರರವರೆಗೆ ಅಂಕಿಯನ್ನಲ್ಲದೆ ಬೇರೇನನ್ನೂ ನೋಡದಿರುವುದು. ಎಣಿಕೆಯ ನಡುವೆ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡುತ್ತಲೇ ಮುಂದುವರಿಯುವ ಹಳೆಯ ರೂಢಿಯನ್ನು ಬಿಟ್ಟು, ನಿಲ್ಲಿಸಿ, ಉತ್ತರಿಸಿ, ಮತ್ತೆ ಸ್ಪಂಜಿನಿಂದ ಆರಂಭಿಸುವುದು. ಸ್ಪಂಜನ್ನು ಅವರು ದಿನಕ್ಕೆ ಎಷ್ಟೋ ಸಲ ಮುಟ್ಟಬೇಕಾಗುತ್ತದೆ. ಆದ್ದರಿಂದ ನೆನಪಿಸಲು ಅಲಾರಂ ಬೇಕಾಗಲಿಲ್ಲ, ಕೌಂಟರಿನ ಈಚೆ ನಿಂತವರಿಗೆ ಏನೂ ವಿಶೇಷ ಕಾಣಲೂ ಇಲ್ಲ.

ಇದು ಏಕಾಗ್ರತೆಯೇ ಹೊರತು ಸಾವಧಾನತೆ ಹೇಗಾಯಿತು ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಕೆಲಸದಲ್ಲಿ ಮುಳುಗಿಹೋದವರಿಗೆ ತಮ್ಮ ಭುಜ ಬಿಗಿದದ್ದು ಗೊತ್ತಾಗುವುದಿಲ್ಲ, ಮನಸ್ಸು ಕೆಲಸದಿಂದ ಜಾರಿದ್ದೂ ತಡವಾಗಿ ಗೊತ್ತಾಗುತ್ತದೆ. ಇವರಿಗೆ ಗೊತ್ತಾಗತೊಡಗಿದ್ದು ಅದೇ. ಭುಜ ಕಿವಿಯ ಕಡೆಗೆ ಏರಿದ್ದು ಯಾವ ಹೊತ್ತಿನಲ್ಲಿ ಗಮನಕ್ಕೆ ಬಂತು ಎಂಬುದನ್ನು ಮಾತ್ರ ರದ್ದಾದ ಚಲನ್ನಿನ ಹಿಂಬದಿಯಲ್ಲಿ ಬರೆದಿಡಲು ಸೂಚಿಸಿದೆ. ಕೆಲವು ವಾರಗಳ ಬರಹವನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೆಚ್ಚಿನ ಸಮಯಗಳು ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯ ನಡುವೆ ಬಿದ್ದಿದ್ದವು. ಹಳ್ಳಿಗೆ ಮರಳುವ ಬಸ್ಸು ಒಂದೂವರೆಗೆ ಹೊರಡುತ್ತದೆ. ಸ್ವಸಹಾಯ ಸಂಘದ ಹೆಂಗಸರು ಅದಕ್ಕೆ ಮೊದಲು ಕಂತು ಕಟ್ಟಿ ಮುಗಿಸಬೇಕು. ಪಿಗ್ಮಿ ಸಂಗ್ರಾಹಕರು ಚಿಲ್ಲರೆ ನೋಟುಗಳ ರಾಶಿಯೊಂದಿಗೆ ಬರುವುದೂ ಆಗಲೇ. ಬಂದ ಹಣ ಮತ್ತು ಕೊಡುವ ಹಣ ಎರಡೂ ಒಂದೇ ಡ್ರಾಯರಿನಲ್ಲಿ.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತಿ ಮುಖ್ಯವಾದ ತಿರುವು ಇದು. ಅದುವರೆಗೆ ತಾಳೆ ತಪ್ಪುವುದಕ್ಕೆ ತಮ್ಮ ವಯಸ್ಸು, ಮರೆವು, ಅಜಾಗರೂಕತೆಗಳೇ ಕಾರಣವೆಂದು ಅವರು ನಂಬಿದ್ದರು. ಚೀಟಿಗಳನ್ನು ನೋಡಿದ ಮೇಲೆ ಸಂಘದ ಕಾರ್ಯದರ್ಶಿಯವರ ಬಳಿ ಹೋಗಿ ಎರಡು ಬೇಡಿಕೆಗಳನ್ನಿಟ್ಟರು: ಪಿಗ್ಮಿ ಹಣವನ್ನು ಮೂರು ಗಂಟೆಯ ನಂತರ ತೆಗೆದುಕೊಳ್ಳಬೇಕು, ಮಧ್ಯಾಹ್ನ ಒಮ್ಮೆ ಕೌಂಟರ್ ನಿಲ್ಲಿಸಿ ಅರ್ಧ ದಿನದ ನಗದನ್ನು ತಾಳೆ ನೋಡಬೇಕು. ಕಾರ್ಯದರ್ಶಿಯವರು ಸ್ವಲ್ಪ ಹಿಂಜರಿದರೂ ಒಪ್ಪಿದರು. ಆಮೇಲಿನ ತಿಂಗಳುಗಳಲ್ಲಿ ದೊಡ್ಡ ಮೊತ್ತ ಕಡಿಮೆ ಬಿದ್ದಿಲ್ಲ. ಇದರಲ್ಲಿ ಅಭ್ಯಾಸದ ಪಾಲೆಷ್ಟು, ಬದಲಾದ ವ್ಯವಸ್ಥೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವಂತಿಲ್ಲ. ಆದರೆ ಕೆಲಸದ ಒತ್ತಡಕ್ಕೆ ಕಾರಣವಾದ ವ್ಯವಸ್ಥೆಯನ್ನು ಹಾಗೆಯೇ ಇಟ್ಟು, ನೌಕರರು ಉಸಿರು ಗಮನಿಸಿ ಸಹಿಸಿಕೊಳ್ಳಲಿ ಎನ್ನುವ ಬಗೆಯ ತರಬೇತಿಗಳನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಗಮನವೇ ವ್ಯವಸ್ಥೆಯಲ್ಲಿನ ಲೋಪವನ್ನು ತೋರಿಸಿಕೊಟ್ಟಿತು.

ಬದಲಾದದ್ದು, ಬದಲಾಗದ್ದು

ಒಂದು ದಿನ ವಯಸ್ಸಾದ ಸದಸ್ಯರೊಬ್ಬರು ಬಡ್ಡಿ ಸರಿಯಾಗಿ ಜಮೆಯಾಗಿಲ್ಲವೆಂದು ಎಲ್ಲರೆದುರು ಜೋರು ಮಾಡಿದರಂತೆ. ಕಿವಿ ಬಿಸಿಯಾದದ್ದು, ದವಡೆ ಕಚ್ಚಿಕೊಂಡದ್ದು ತಮಗೆ ಸ್ಪಷ್ಟವಾಗಿ ತಿಳಿಯಿತು ಎಂದರು. ಕುರ್ಚಿಯ ಕೆಳಗೆ ಪಾದಗಳನ್ನು ನೆಲಕ್ಕೆ ಊರಿ, “ಯಜಮಾನ್ರೇ, ಪಾಸ್‌ಬುಕ್ ಕೊಡಿ, ಇನ್ನೊಂದ್ಸಲ ನೋಡ್ತೀನಿ” ಎಂದರಂತೆ. ಸಿಟ್ಟು ಬರಲೇ ಇಲ್ಲವೇ ಎಂದು ಕೇಳಿದೆ. “ಬಂತು ಮೇಡಂ, ಚೆನ್ನಾಗೇ ಬಂತು. ಬಂದಿದ್ದು ಗೊತ್ತಾಯ್ತು, ಅದಕ್ಕೇ ಬಾಯಿಗೆ ಬರ್ಲಿಲ್ಲ” ಎಂಬ ಅವರ ಉತ್ತರವನ್ನು ನಾನು ಇತರ ಅಭ್ಯಾಸಿಗಳಿಗೂ ಹೇಳುವುದುಂಟು.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಮಗನ ಮೇಲೆ ರೇಗುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಹಲವು ಸಲ ರೇಗಿದ ಮೇಲೆಯೇ ಗೊತ್ತಾಗುತ್ತಿತ್ತು. ಪರೀಕ್ಷೆಗೆ ಅನುಕೂಲವಾಗಲೆಂದು ಅವನನ್ನೂ ಅಭ್ಯಾಸಕ್ಕೆ ಕೂರಿಸುವ ಆಸೆ ಅವರಿಗಿತ್ತು. ಒತ್ತಾಯ ಬೇಡವೆಂದೆ. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಒಳಗೊಂಡು ನಡೆದ, 2022ರಲ್ಲಿ ಫಲಿತಾಂಶ ಹೊರಬಂದ ದೊಡ್ಡ ಪ್ರಯೋಗದಲ್ಲಿ, ತರಗತಿಗಳಲ್ಲಿ ಎಲ್ಲರಿಗೂ ಸಾವಧಾನತೆ ಕಲಿಸಿದ್ದರಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಎಂದಿನ ಪಾಠಗಳಿಗಿಂತ ಹೆಚ್ಚಿನ ಲಾಭವೇನೂ ಕಂಡಿರಲಿಲ್ಲ; ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲೂ ಇಲ್ಲ. ಬೇಕೆಂದು ಬಂದವರಿಗೆ ಮತ್ತು ಕೂರಿಸಲ್ಪಟ್ಟವರಿಗೆ ನಡುವಿನ ವ್ಯತ್ಯಾಸ ದೊಡ್ಡದು.

ನಿದ್ರೆ ತುಸು ಸುಧಾರಿಸಿದೆ, ಪೂರ್ತಿಯಲ್ಲ. ಭುಜದ ನೋವು ಉಳಿದಿದೆ. ಕುರ್ಚಿ ಕೌಂಟರಿಗಿಂತ ಬಹಳ ತಗ್ಗಾಗಿರುವುದೂ ಅದಕ್ಕೆ ಕಾರಣವೆಂದು ತೋರುತ್ತದೆ. ಇದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ, 3,515 ಜನರನ್ನೊಳಗೊಂಡ 47 ಪ್ರಯೋಗಗಳ ಪರಿಶೀಲನೆಯಲ್ಲಿ, ಸಾವಧಾನತೆಯ ತರಬೇತಿಯಿಂದ ಆತಂಕ, ಖಿನ್ನತೆ, ನೋವುಗಳಲ್ಲಿ ಸಾಧಾರಣ ಮಟ್ಟದ ಸುಧಾರಣೆ ಕಂಡಿತ್ತು. ನಿದ್ರೆಯ ವಿಷಯದಲ್ಲಿ ಅಷ್ಟು ಗಟ್ಟಿಯಾದ ಆಧಾರ ಸಿಕ್ಕಿರಲಿಲ್ಲ. ಔಷಧ, ವ್ಯಾಯಾಮದಂಥ ಇತರ ಉಪಾಯಗಳಿಗಿಂತ ಇದು ಮೇಲು ಎನ್ನುವುದಕ್ಕೂ ಪುರಾವೆಯಿರಲಿಲ್ಲ. ಆರಂಭದಲ್ಲಿಯೇ ಈ ಮಿತಿಯನ್ನು ಅವರಿಗೆ ತಿಳಿಸಿದ್ದೆ. ಸಾಧಾರಣ ಲಾಭವನ್ನು ನಿರೀಕ್ಷಿಸಿ ಬಂದವರು ಸಾಧಾರಣ ಲಾಭ ಸಿಕ್ಕಾಗ ಮುಂದುವರಿಯುತ್ತಾರೆ.

ಮಳೆಗಾಲ ಬಂದಾಗ ಅಂಗಳ ಗುಡಿಸುವ ಕೆಲಸವೇ ನಿಂತಿತು, ಉಬ್ಬಸವೂ ಹೆಚ್ಚಿತು. ಅಭ್ಯಾಸವನ್ನು ಎಲ್ಲಿಗೆ ಸಾಗಿಸಬೇಕೆಂದು ಚರ್ಚಿಸಿ, ಜಗಲಿಯಿಂದ ಕೊಟ್ಟಿಗೆಯವರೆಗಿನ ಹಾದಿಯನ್ನು ಆರಿಸಿಕೊಂಡೆವು. ಹಾಲು ಕರೆಯಲು ಹೋಗಿಬರುವ ಆ ನಾಲ್ಕು ಹೆಜ್ಜೆಗಳಲ್ಲಿ ಅಂಗಾಲಿನ ಗಮನ ಮುಂದುವರಿದಿದೆ. ಈಗ ಉಸಿರಿನ ಅಭ್ಯಾಸಕ್ಕೆ ಮರಳಬಹುದೇ ಎಂದು ಈಚೆಗೆ ಅವರೇ ಕೇಳಿದರು. ಮಳೆ ಕಳೆದು, ಉಬ್ಬಸ ಹತೋಟಿಗೆ ಬಂದ ಮೇಲೆ, ಕಣ್ಣು ತೆರೆದುಕೊಂಡು, ಪಾದಗಳನ್ನು ನೆಲಕ್ಕೆ ಊರಿ, ಎರಡು ಮೂರು ಉಸಿರುಗಳಷ್ಟು ಮಾತ್ರ ಪ್ರಯತ್ನಿಸಿ ನೋಡಬಹುದು, ಬಿಗಿತ ಕಂಡರೆ ಕೂಡಲೇ ಅಂಗಾಲಿಗೆ ಮರಳಬೇಕು, ಅದು ಎಂದೂ ಹೊಂದದಿದ್ದರೂ ಕೊರತೆಯೇನಿಲ್ಲ ಎಂದು ತಿಳಿಸಿದ್ದೇನೆ. ದೀಪಾವಳಿಯ ನಂತರ ಮತ್ತೆ ಭೇಟಿಯಾಗುವುದೆಂದು ನಿಶ್ಚಯವಾಗಿದೆ. ಅಷ್ಟರೊಳಗೆ ಕುರ್ಚಿಯ ಎತ್ತರ ಸರಿಪಡಿಸಿಕೊಡುವಂತೆ ಅವರು ಕಾರ್ಯದರ್ಶಿಯವರಿಗೆ ಅರ್ಜಿ ಕೊಡಲಿದ್ದಾರೆ.